ಸುಜಾತಾಳ ನಾಲ್ಕನೇ ಅಧ್ಯಾಯ

ಹೋದ ತಿಂಗಳು ನನ್ನ ವೇಬ್ರಿಡ್ಜನ್ನು ಗುಜರಿಗೆ ಮಾರಿದೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ, ಗುಡ್ಡ ಹತ್ತುವ ಮುಂಚೆ ಎಡಗಡೆ ಇತ್ತು. ಲಾರಿ ಬಂದು ನಿಲ್ಲುವ ಕಬ್ಬಿಣದ ಹಾಸು, ಪಕ್ಕದಲ್ಲೊಂದು ಕೋಣೆ, ಕಿಟಕಿಯಲ್ಲಿ ತೂಕ ತೋರಿಸುವ ಕೆಂಪು ಅಂಕಿಗಳು, ಅಷ್ಟೇ. ನಮ್ಮ ಕಡೆ ಅದಕ್ಕೆ ಕಾಟಾ ಅನ್ನುತ್ತಾರೆ. ಅದಿರಿನ ವ್ಯಾಪಾರ ಜೋರಾಗಿದ್ದ ವರ್ಷಗಳಲ್ಲಿ ಅದರ ಮುಂದೆ ಲಾರಿಗಳ ಸಾಲು ಕಣ್ಣು ಹಾಯುವಷ್ಟು ದೂರ ಇರುತ್ತಿತ್ತು. ಈಗ ಅಲ್ಲಿ ಆಡುಗಳು ಮಲಗುತ್ತವೆ.

ಗುಜರಿಯವನು ಬಳ್ಳಾರಿಯಿಂದ ಬಂದಿದ್ದ. ಮೂರು ಮಾತಿಗೆ ಅವನ ಆಳ ಸಿಕ್ಕಿತು. ಬಾಯಲ್ಲಿ ತುಕ್ಕು, ಹಳೇದು, ಹಗುರ ಅಂತ ಬೈಯುತ್ತಿದ್ದ. ಕಣ್ಣು ಮಾತ್ರ ಹಾಸಿನ ದಪ್ಪ ಅಳೆಯುತ್ತಿತ್ತು. ವಸ್ತುವನ್ನು ಹೊಗಳುವವನು ಚಹಾ ಕುಡಿದು ಎದ್ದು ಹೋಗುತ್ತಾನೆ, ಬೈಯುವವನು ಕೊಳ್ಳುತ್ತಾನೆ. ಇದನ್ನು ನಾನು ಯಾರಿಗೆ ಬೇಕಾದರೂ ಪುಕ್ಕಟೆ ಹೇಳಿಕೊಡುತ್ತೇನೆ. ಅವನ ಮೊದಲ ದರ ಕೇಳಿ ನಕ್ಕು, ನನ್ನ ದರ ಹೇಳಬೇಕು ಅನ್ನುವಷ್ಟರಲ್ಲಿ ಅವನ ಕೆಲಸಗಾರರು ದಪ್ಪ ನೋಡಲೆಂದು ಗ್ಯಾಸ್ ಕಟ್ಟರಿನಲ್ಲಿ ಒಂದು ತುಂಡು ಕೊಯ್ದು ಎತ್ತಿದರು. ಹಾಸಿನ ಕೆಳಗಿನ ಗುಂಡಿಯಲ್ಲಿ ಆ ಕಾಲದ ಅದಿರಿನ ಪುಡಿ ಹಾಗೇ ಕೂತಿತ್ತು. ಮೇಲಿನದು ಒಣಗಿ ಹೆಪ್ಪುಗಟ್ಟಿತ್ತು, ಒಳಗಿನದು ಇನ್ನೂ ಹಸಿ. ಅದರ ವಾಸನೆ ಎದ್ದು ಬಂತು. ಒದ್ದೆ ಅಂಗೈಯಲ್ಲಿ ಹಳೆಯ ನಾಣ್ಯ ಹಿಡಿದರೆ ಬರುತ್ತದಲ್ಲ, ಅಂಥದ್ದು.

"ಏನಂತೀರಿ ಯಜಮಾನ್ರ?" ಅಂದ ಅವನು.

"ನೀ ಹೇಳಿದ್ದ ಆಗಲಿ" ಅಂದೆ.

ಅವನಿಗೆ ಗಾಬರಿಯಾಯಿತು. ಇಷ್ಟು ಬೇಗ ಒಪ್ಪಿದ್ದಾನೆಂದರೆ ಮಾಲಿನಲ್ಲೇ ಏನೋ ಐಬಿದೆ ಅಂತ ಮತ್ತೊಂದು ಸುತ್ತು ತಿರುಗಿ ನೋಡಿ ಬಂದ. ಆ ವಾಸನೆ ನನ್ನನ್ನು ಸೀದಾ ಒಂದು ಮಳೆಗಾಲಕ್ಕೆ ಕರೆದುಕೊಂಡು ಹೋಗಿತ್ತು. ಆ ಮಳೆಗಾಲದಲ್ಲಿ ನಾನು ನನ್ನ ಹೆಂಡತಿಯ ಏಳು ವರ್ಷದ ಕೆಲಸ ಕಳೆದೆ. ಯಾರೂ ಮೋಸ ಮಾಡಲಿಲ್ಲ. ನಾನೇ, ನನಗೆ ಗೊತ್ತಿದ್ದ ಒಂದೇ ವಿದ್ಯೆಯಿಂದ.

ನಾನು ಕಂಪ್ಲಿ ಹತ್ತಿರದ ಹಳ್ಳಿಯವನು. ಎಸ್ಸೆಸ್ಸೆಲ್ಸಿ ಎರಡು ಸಲ ಬರೆದು ಬಿಟ್ಟವನು. ಬೆಲ್ಲದ ಮಂಡಿಯಲ್ಲಿ ತಕ್ಕಡಿ ಹಿಡಿದು, ಬಾಳೆಗೊನೆ ದಲ್ಲಾಳಿಯಾಗಿ, ಕೊನೆಗೆ ಸ್ವಂತ ಕಾಟಾ ಹಾಕಿದೆ. ಚೌಕಾಸಿಯೇ ನನ್ನ ಓದು. ಸುಜಾತಾ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅವಳಪ್ಪ ಡ್ಯಾಮಿನ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದರು. ಫಿಸಿಕ್ಸಿನಲ್ಲಿ ಎಂ.ಎಸ್ಸಿ. ಮಾಡಿ ಹೊಸಪೇಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ನೋಡಲು ಹೋದ ದಿನ ಉಪ್ಪಿಟ್ಟಿನ ತಟ್ಟೆ ಕೈಗಿಟ್ಟು ಎಲ್ಲರೆದುರಿಗೇ, "ನಾ ಮುಂದ ಓದಾಕಿ. ಅದಕ್ಕ ಹೂಂ ಅಂದ್ರ ಮುಂದಿನ ಮಾತು" ಅಂದಿದ್ದಳು. ಅವರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಹೂಂ ಅಂದೆ.

ಮುಂದೆ ಓದುವುದೆಂದರೆ ಪಿಎಚ್.ಡಿ. ಕೆಲಸ ಮಾಡಿಕೊಂಡೇ, ಬಿಡುವಿದ್ದಾಗ. ಅವಳ ಗೈಡು ಆಚಾರ್ ಸರ್ ಅಂತ, ದೂರದ ವಿಶ್ವವಿದ್ಯಾಲಯದಲ್ಲಿದ್ದರು. ಮೂಲ ಕಂಪ್ಲಿ ಕೋಟೆಯವರೇ. ಇವಳು ಎರಡು ತಿಂಗಳಿಗೊಮ್ಮೆ ಬಸ್ಸು ಹಿಡಿದು ಹೋಗಿ, ಬರೆದದ್ದು ತೋರಿಸಿ, ಕೆಂಪು ಶಾಯಿ ಹಾಕಿಸಿಕೊಂಡು ಬರುವಳು. ಹೀಗೆ ಏಳು ವರ್ಷ. ಅಷ್ಟರಲ್ಲಿ ಊರೇ ಬದಲಾಯಿತು. ಅವಳ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ಎರಡು ಲಾರಿ ಕೊಂಡು ಕೆಲಸ ಬಿಟ್ಟರು. ಸ್ಟಾಫ್ ರೂಮಿನಲ್ಲಿ ಟೈರು, ಪರ್ಮಿಟ್ಟು, ಟ್ರಿಪ್ಪಿನ ಮಾತು. ಇವಳ ಮಾತು ಕೇಳುವವನು ಉಳಿದದ್ದು ನಾನೊಬ್ಬನೇ.

ಕೇಳುತ್ತಿದ್ದೆ. ಸಂಜೆ ಅದಿರಿನ ಧೂಳಿನಿಂದ ಮೈಯೆಲ್ಲ ಕೆಂಪಾಗಿ ಮನೆಗೆ ಬಂದರೆ ಊಟದ ಮೇಜಿನ ತುಂಬ ಅವಳ ಹಾಳೆ. ಕೈಕಾಲು ತೊಳೆದು ಎದುರಿಗೆ ಕೂತು, "ಇವತ್ತೇನು ಮಾಲು?" ಅನ್ನುತ್ತಿದ್ದೆ.

"ಒಂದು ಕಣ ಇಲ್ಲಿಂದ ಅಲ್ಲಿಗೆ ಹೋಗಬೇಕಂದ್ರ ಒಂದ ದಾರಿ ಹಿಡಿಯಂಗಿಲ್ರಿ" ಅಂದಿದ್ದಳು ಮೊದಮೊದಲು. "ಇರೋ ದಾರಿ ಎಲ್ಲಾನೂ ಹಿಡಿತೈತಿ. ಒಂದೊಂದು ದಾರಿಗೂ ಒಂದೊಂದು ಪಾಲು. ಎಲ್ಲಾ ಕೂಡಿಸಿದ್ರ ಉತ್ತರ. ಅದಕ್ಕ ಪಾತ್ ಇಂಟಿಗ್ರಲ್ ಅಂತಾರ."

"ನಮ್ಮ ಲಾರಿ ಹಂಗ ಅನ್ನು. ತೋರಣಗಲ್ಲಿಗೆ ಸಂಡೂರು ಮ್ಯಾಲೂ ಹೋಗ್ತಾವ, ಕುರೆಕುಪ್ಪ ಮ್ಯಾಲೂ ಹೋಗ್ತಾವ, ಚೆಕ್‌ಪೋಸ್ಟ್ ಕಂಡ್ರ ಹೊಲದಾಗೂ ಹೋಗ್ತಾವ."

"ಹಂಗಲ್ರಿ. ಒಂದ ಲಾರಿ, ಒಮ್ಮಿಗೇ, ಎಲ್ಲಾ ರಸ್ತೆದಾಗೂ."

"ಹಂಗಾದ್ರ ಡ್ರೈವರ್‌ಗೆ ಊಟ ಎಷ್ಟು ಕಡೆ ಹಾಕ್ಸಬೇಕು?"

ಅವಳು ಪೆನ್ನು ಬಿಟ್ಟು ನಗುವಳು. ಆ ನಗುವಿಗೋಸ್ಕರ ನಾನು ಬೇಕೆಂದೇ ದಡ್ಡ ಪ್ರಶ್ನೆ ಕೇಳುತ್ತಿದ್ದೆ. ಆದರೆ ಕೇಳುತ್ತ ಕೇಳುತ್ತ ನನಗೂ ಒಂದಿಷ್ಟು ಹಿಡಿಯಿತು. ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ, ತಿಳಿದವರು ತಿದ್ದಿಕೊಳ್ಳಲಿ. ಪ್ರಕೃತಿಯ ಕೆಲವು ನಿಯಮಗಳು ಎಡ-ಬಲ ಎರಡಕ್ಕೂ ಪಕ್ಷಪಾತವಿಲ್ಲದಂತೆ ಇರುತ್ತವೆ. ಎಡದ ಕಣಗಳನ್ನು ಒಂದು ಕಡೆ ತಿರುಗಿಸಿ, ಬಲದವನ್ನು ಇನ್ನೊಂದು ಕಡೆ ತಿರುಗಿಸಿದರೂ ನಿಯಮ ಅಲುಗುವುದಿಲ್ಲ. ಅದನ್ನು ಸಮಮಿತಿ ಅನ್ನುತ್ತಾರೆ. ಆದರೆ ಎಲ್ಲಾ ದಾರಿಗಳನ್ನೂ ಕೂಡಿಸಬೇಕಾದರೆ ಒಂದು ಅಳತೆ ಬೇಕಲ್ಲ. ತಿರುಗಿಸಿದಾಗ ನಿಯಮ ಅಲುಗದಿದ್ದರೂ ಆ ಅಳತೆ ಅಲುಗುತ್ತದೆ. ಆಗ ಏನೂ ಉಳಿಯಬಾರದ ಜಾಗದಲ್ಲಿ ಸ್ವಲ್ಪ ಉಳಿಯುತ್ತದೆ. ಆ ಉಳಿಕೆಗೆ ಅವರು ಅನಾಮಲಿ ಅನ್ನುತ್ತಾರೆ.

"ಅಂದ್ರ ಮಾಲು ಸರಿ ಐತಿ, ಕಾಟಾ ಖರಾಬು" ಅಂದೆ.

"ಅಲ್ರಿ, ಅದಾ ಮಜಾ. ಎಂಥಾ ಚಲೋ ಕಾಟಾ ತಂದ್ರೂ ಉಳೀತೈತಿ. ಈ ಮೂಲಿಗೆ ತಳ್ಳಬಹುದು, ಆ ಮೂಲಿಗೆ ತಳ್ಳಬಹುದು. ಇಲ್ಲ ಅನ್ನಿಸಾಕ ಬರಂಗಿಲ್ಲ."

ಇದು ನನಗೆ ಬಹಳ ಹಿಡಿಸಿತು. ವ್ಯಾಪಾರದಲ್ಲೂ ಹಾಗೇ. ಇಬ್ಬರೂ ನಗುತ್ತ ಕೈ ಕುಲುಕಿ ಎದ್ದರೆ ನಷ್ಟ ಮಾಯವಾಗಿರುವುದಿಲ್ಲ. ಅಲ್ಲಿ ಇಲ್ಲದ ಮೂರನೆಯವನ ತಲೆ ಮೇಲೆ ಹೋಗಿ ಕೂತಿರುತ್ತದೆ.

ಇವಳ ಪ್ರಬಂಧ ಇದರ ಬಗ್ಗೆಯೇ. ಇವಳು ತೆಗೆದುಕೊಂಡ ಮಾದರಿಯಲ್ಲಿ ಎರಡು ಗುಂಪಿನ ಕಣಗಳು. ಒಂದು ಗುಂಪಿನ ಉಳಿಕೆಯನ್ನು ಇನ್ನೊಂದು ಗುಂಪಿನ ಉಳಿಕೆ ಸರಿಯಾಗಿ ಹೊಡೆದುಹಾಕುತ್ತದೆ, ಕೂಡಿಸಿದರೆ ಸೊನ್ನೆ, ಸಮಮಿತಿ ಮುಕ್ಕಾಗದೆ ಉಳಿಯುತ್ತದೆ ಅನ್ನುವುದು ನಾಲ್ಕನೇ ಅಧ್ಯಾಯ. ಮಿಕ್ಕ ಅಧ್ಯಾಯಗಳೆಲ್ಲ ಅದಕ್ಕೆ ಕಟ್ಟಿದ ಮೆಟ್ಟಿಲು. ಆ ವರ್ಷ ಆಗಸ್ಟ್ ಕೊನೆಗೆ ಆಚಾರ್ ಸರ್ ನಿವೃತ್ತಿ. ಅಷ್ಟರೊಳಗೆ ಅವರ ಸಹಿ ಬಿದ್ದರೆ ಬಿತ್ತು. ತಪ್ಪಿದರೆ ಆ ವಿಷಯ ಹೇಳಿಕೊಡುವವರು ಅಲ್ಲಿ ಮತ್ತೊಬ್ಬರಿರಲಿಲ್ಲ.

ಮಳೆ ಬೇಗ ಹಿಡಿದ ವರ್ಷ ಅದು. ಆಷಾಢ ಮುಗಿಯುವ ಮುಂಚೆ ಡ್ಯಾಮು ತುಂಬಿ ಗೇಟು ತೆಗೆದಿದ್ದರು. ಮಳೆಗಾಲದಲ್ಲಿ ಕಾಟಾದವನಿಗೆ ಜಗಳ ಜಾಸ್ತಿ. ಅದಿರು ನೀರು ಕುಡಿದು ಭಾರವಾಗುತ್ತದೆ. ಗಣಿಯ ಕಡೆಯವನು ಹಸಿ ತೂಕ ಬರೆಸಿಕೊಂಡು ಬರುತ್ತಾನೆ, ಕೊಳ್ಳುವವನು ನೀರಿನಂಶ ಕಳೆದು ಒಣ ತೂಕ ಹಿಡಿಯುತ್ತಾನೆ. ಆ ವಾರವೇ ಒಂದು ಪಂಚಾಯಿತಿಯಾಗಿತ್ತು. ಇಬ್ಬರ ಚೀಟಿಯಲ್ಲೂ ಒಂದೇ ಅಂಕಿ. ತಾಳೆ ಆಯಿತಲ್ಲ ಅಂತ ಇಬ್ಬರೂ ಖುಷಿಯಾಗಿ ಹೊರಟಿದ್ದರು. ನಾನು ಕರೆದು ಕೂಡಿಸಿ, "ಒಂದು ಹಸೀದು, ಒಂದು ಒಣಾದ್ದು, ಎರಡೂ ಒಂದ ಹೆಂಗ ಬಂತ್ರೋ? ಜಗಳ ಬಂದಿದ್ರ ನಂಬತಿದ್ದೆ" ಅಂದೆ. ಲಾರಿ ಮತ್ತೆ ತೂಗಿಸಿದರು; ಎರಡು ಟನ್ ವ್ಯತ್ಯಾಸ ಬಂತು.

ಅದೇ ಭಾನುವಾರ ಸುಜಾತಾ ಪೆನ್ನು ಕೆಳಗಿಟ್ಟು, "ಮುಗೀತ್ರಿ" ಅಂದಳು. ಸೋಮವಾರ ಪ್ರಿಂಟಿಗೆ ಕೊಡುವುದು, ಬೈಂಡ್ ಮಾಡಿಸುವುದು. "ಎಲ್ಲಿಗಾದರೂ ಹೋಗೋಣ" ಅಂದಳು. ಬೈಕಿನಲ್ಲಿ ಹಂಪಿಗೆ ಹೋದೆವು. ದೇವಸ್ಥಾನದ ಮುಂದಿನ ಬಜಾರಿನಲ್ಲಿ ನಡೆಯುವಾಗ ಮಳೆ ರಪ್ಪನೆ ಬಂತು. ಓಡಿ ಒಂದು ಕಲ್ಲುಮಂಟಪ ಹೊಕ್ಕೆವು. ಮಿರ್ಚಿ, ಮಂಡಕ್ಕಿ ಇತ್ತು. ಅವಳು ಅಷ್ಟು ಸಂತೋಷವಾಗಿದ್ದದ್ದು ನಾನು ಮದುವೆಯಲ್ಲೂ ನೋಡಿರಲಿಲ್ಲ. ಬ್ಯಾಗಿನಿಂದ ಸೀಮೆಸುಣ್ಣ ತೆಗೆದು ಕಲ್ಲಿನ ಮೇಲೆ, ಉಳಿಕೆ ಲೆಕ್ಕ ಹಾಕಲು ಅವರು ಬಳಸುವ ತ್ರಿಕೋನ ಎರಡು ಬರೆದಳು.

"ಇದು ಮೊದಲನೇ ಗುಂಪು. ಇದರ ಉಳಿಕಿ ಒಂದು. ಇದು ಎರಡನೇದು. ಇದರದ್ದು ಮೈನಸ್ ಒಂದು. ಕೂಡಿಸ್ರಿ ನೋಡೋಣ."

"ಸೊನ್ನೆ."

"ನೋಡಿದ್ರಾ? ನಿಮಗೂ ಬಂತು ಪಿಎಚ್.ಡಿ.!"

ನಾನು ಮಿರ್ಚಿ ಕಚ್ಚಿ, ಸುಮ್ಮನೆ ಬಾಯಿಗೆ ಬಂದಂತೆ ಕೇಳಿದೆ: "ಎರಡೂ ಒಂದ ಕಾಟಾದ ಮ್ಯಾಲೆ ತೂಗಿಯೇನು?"

ನಕ್ಕಳು. ನಗು ಅರ್ಧಕ್ಕೆ ನಿಂತಿತು. ಕೈಯಲ್ಲಿದ್ದ ಸೀಮೆಸುಣ್ಣ ತ್ರಿಕೋನದ ಒಂದು ಮೂಲೆಯ ಮೇಲೆ ಬಂದು ಕೂತಿತು. ಆಮೇಲೆ ಎರಡನೇ ಮೂಲೆ, ಮೂರನೇ ಮೂಲೆ. ತುಟಿ ಅಲುಗುತ್ತಿತ್ತು.

"ಏನಾತು?"

"ಮೊದಲನೇದು ನಾನು ಲೆಕ್ಕ ಮಾಡಿದ್ದು. ಉಳಿಕಿ ಅಷ್ಟೂ ಒಂದ ಮೂಲಿಗೆ ಹಾಕೀನಿ." ಅವಳ ದನಿ ಕ್ಲಾಸಿನ ದನಿಯಾಗಿತ್ತು, ತನಗೆ ತಾನೇ ಪಾಠ ಹೇಳುವಂತೆ. "ಎರಡನೇದು ಹಳೇ ಪೇಪರಿನಾಗಿಂದು ತೊಗೊಂಡೀನಿ. ಅವರು ಮೂರು ಮೂಲಿಗೂ ಸಮ ಹಂಚಿ, ಒಂದು ಮೂಲಿದು ಬರದಾರೇನು ಮತ್ತ…"

ಹಾಗಿದ್ದರೆ ಎರಡನೆಯದರ ಪೂರ್ತಿ ಉಳಿಕೆ ಒಂದಲ್ಲ, ಮೂರು; ಮೊದಲನೆಯದರ ಒಂದು ಅದನ್ನು ಹೊಡೆದುಹಾಕಲಾರದು. ಅದು ನನಗೂ ತಿಳಿಯಿತು. ತಿಳಿಯಬಾರದಿತ್ತು.

"ಮನಿಗೆ ಹೋಗೋಣ್ರಿ" ಅಂದಳು. ಮಳೆ ಜೋರಾಗೇ ಇತ್ತು.

ಎರಡು ದಿನ ರಜೆ ಹಾಕಿ ಹಳೆಯ ಪೇಪರು, ಹೊಸ ಹಾಳೆ ಹರಡಿಕೊಂಡು ಕೂತಳು. ಮೂರನೇ ದಿನ ಬೆಳಿಗ್ಗೆ ನನಗೆ ಚಹಾ ಕೊಟ್ಟು, "ಸೊನ್ನೆ ಅಲ್ರಿ. ಎರಡು ಉಳೀತೈತಿ" ಅಂದಳು. ಅಳಲಿಲ್ಲ. ಆಮೇಲೆ, "ಏಳು ವರ್ಷದಾಗ ಇಷ್ಟು ಚಲೋ ಪ್ರಶ್ನೆ ನನಗ ಯಾರೂ ಕೇಳಿರಲಿಲ್ಲ" ಅಂದಳು. ವ್ಯಂಗ್ಯ ಇರಲಿಲ್ಲ ಅದರಲ್ಲಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಗಳಿಗೆ ನನಗೆ ಎದೆ ಉಬ್ಬಿತು.

ಆದರೆ ನಾನು ಎಂಥವನು ನೋಡಿ. ಅದೇ ಉಸಿರಿಗೆ, "ಯಾರು ನೋಡ್ತಾರ? ಹಂಗ ಕೊಟ್ಟುಬಿಡು. ಆಚಾರ್ ಸರ್‌ಗ ಕಾಣಲಿಲ್ಲ ಅಂದ್ರ ಇನ್ಯಾರಿಗೆ ಕಾಣ್ತೈತಿ?" ಅಂದೆ.

"ನಿಮ್ಮ ಕಾಟಾದ ಮ್ಯಾಲೆ ಹಂಗ ಮಾಡ್ತೀರೇನು?"

ಚಹಾ ಮುಗಿಸಿ ಕಾಟಾಕ್ಕೆ ಹೊರಟೆ.

ಅವಳು ಆಚಾರ್ ಸರ್‌ಗೆ ಒಂದು ಪತ್ರ ಬರೆದಳು: ನಾಲ್ಕನೇ ಅಧ್ಯಾಯ ತಪ್ಪು, ಉಳಿಕೆ ಸೊನ್ನೆಯಲ್ಲ, ಎರಡು. ಫೋನು ಮಾಡಲು ಮುಖವಿಲ್ಲ ಅಂದಳು. ವಾರವಾದರೂ ಉತ್ತರ ಬರಲಿಲ್ಲ. ಜ್ವರ ಹಿಡಿಯಿತು. ಗಂಜಿಯನ್ನೂ ಅರ್ಧ ಲೋಟ ಬಿಡುತ್ತಿದ್ದಳು. ಅಷ್ಟರಲ್ಲಿ ಸರ್ ತಮ್ಮ ಅಕ್ಕನಿಗೆ ಮೈ ಸರಿಯಿಲ್ಲವೆಂದು ಕಂಪ್ಲಿಗೆ ಬಂದಿದ್ದಾರೆ ಅಂತ ಕಾಟಾಕ್ಕೆ ಬಂದ ಕಂಪ್ಲಿಯ ಡ್ರೈವರೊಬ್ಬ ಹೇಳಿದ. ಇವಳಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ನಾನೇ ಹೋಗಿ ಮಾತಾಡಿ ಬರುತ್ತೇನೆ ಅಂದೆ.

"ನೀವು ಏನ್ ಮಾತಾಡ್ತೀರಿ?"

"ಮಾತು ನನ್ನ ಕಸುಬು. ನೀ ಮಲಕೋ."

ಕಂಪ್ಲಿಯಲ್ಲಿ ಹೊಳೆ ಸೇತುವೆಯ ಮೇಲೆ ಹರಿಯುತ್ತಿತ್ತು. ಡ್ಯಾಮಿನಿಂದ ನೀರು ಬಿಟ್ಟರೆ ಆ ಸೇತುವೆ ಮುಳುಗುವುದು ಪ್ರತಿ ವರ್ಷ ಇದ್ದದ್ದೇ. ಜನ ಬಂದು ದಡದಲ್ಲಿ ನಿಂತು ನೋಡುತ್ತಾರೆ. ಕೋಟೆಯ ಒಳಗೆ ಸರ್ ಕಟ್ಟೆಯ ಮೇಲೆ ಕೂತು ಅಕ್ಕನ ಔಷಧಿ ಅರೆಯುತ್ತಿದ್ದರು. ಗಿಡ್ಡಗೆ, ಬನಿಯನ್ ಹಾಕಿಕೊಂಡು, ಯಾರೋ ಪೌರೋಹಿತ್ಯದವರ ಹಾಗಿದ್ದರು.

"ಬರ್ರಿ, ಬರ್ರಿ ಹನುಮಂತಪ್ಪ, ಕುಂದ್ರಿ" ಅಂದರು. "ಆಕಿ ಪತ್ರ ಬಂತು. ಅಕ್ಕನ ಗದ್ದಲದಾಗ ಉತ್ತರ ಬರೆಯಾಕ ಆಗಲಿಲ್ಲ. ಆ ಕಾಟಾದ ಪ್ರಶ್ನೆ ನಿಮ್ಮದಂತಲ್ಲ?"

"ತಪ್ಪಾತು ಸರ್."

"ತಪ್ಪು? ನಾನು ಅದನ್ನ ಎರಡು ಸಲ ಓದೀನ್ರಿ, ನನಗ ಹೊಳೀಲಿಲ್ಲ!" ಅಂತ ನಕ್ಕರು. ಆಮೇಲೆ ಅರೆಯುವುದನ್ನು ನಿಲ್ಲಿಸಿ ಹೇಳಿದರು. ಆ ಮಾತು ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ. "ಆಕಿಗೆ ಹೇಳ್ರಿ. ಎರಡು ಉಳೀತು ಅಂತ ಅಳಬ್ಯಾಡ, ಎರಡನ್ನ ಬರಿ. ಮುರಿದಿದ್ದು ಮುರೀಬಾರದ ಸಮಮಿತಿ ಅಲ್ಲ, ಮುರಿದ್ರೂ ನಡಿಯೂವಂಥಾದ್ದು. ಅದು ಮುರಿದ್ರ ಆ ಮಾದರಿಯಾಗಿನ ಒಂದು ಕಣ ಒಡೆದು ಬೆಳಕಾಗ್ತೈತಿ, ಎಷ್ಟು ಬೇಗ ಅಂತ ಈ ಎರಡ ಹೇಳ್ತೈತಿ. ಸೊನ್ನೆಕಿಂತ ಇದು ಚಲೋ ಪ್ರಬಂಧ. ಹತ್ತು ಪುಟ ತಿದ್ದಿದ್ರ ಸಾಕು. ನಾ ರಿಟೈರ್ ಆಗಾಕ ಇನ್ನೂ ಹದಿನೆಂಟು ದಿನ ಐತಿ, ಅದರೊಳಗ ತರಲಿ, ಸಹಿ ಹಾಕ್ತೀನಿ."

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ನನ್ನ ಕಸುಬಿನಲ್ಲಿ ಎದುರಿನವನು ಮೊದಲ ಮಾತಿಗೇ ಇಷ್ಟು ಬಗ್ಗಿದರೆ ಅದರ ಅರ್ಥ ಒಂದೇ: ಅವನ ಹತ್ತಿರ ಇನ್ನೂ ಇದೆ. ಬಾಳೆಗೊನೆಗೆ ಕೂತಾಗ, ಲಾರಿ ಬಾಡಿಗೆಗೆ ಕೂತಾಗ, ಇಪ್ಪತ್ತು ವರ್ಷ ಇದು ಒಂದು ಸಲವೂ ಸುಳ್ಳಾಗಿರಲಿಲ್ಲ. ಮನೆಯಲ್ಲಿ ಜ್ವರದಲ್ಲಿ ಮಲಗಿದವಳ ಮುಖ ಕಣ್ಣ ಮುಂದಿತ್ತು. ಹದಿನೆಂಟು ದಿನದಲ್ಲಿ ಮತ್ತೆ ಮೇಜಿಗೆ ಬಿದ್ದರೆ ಇವಳು ಉಳಿಯುತ್ತಾಳೆಯೇ ಅನ್ನಿಸಿತು. ಮೂರು ತಿಂಗಳು ಸಿಕ್ಕರೆ ಉಂಡು, ಮಲಗಿ, ನಿಧಾನಕ್ಕೆ ಬರೆದಾಳು.

"ಸರ್, ಮೂರು ತಿಂಗಳು ಕೊಡಿಸ್ರಿ. ಆಕಿಗೆ ಭಾಳ ಜ್ವರ" ಅಂದೆ.

"ಅದು ನನ್ನ ಕೈಯಾಗಿಲ್ರಿ. ಹತ್ತು ಪುಟಕ್ಕ ಮೂರು ತಿಂಗಳು ಯಾಕ?"

"ಒಂದು ಅರ್ಜಿ ಹಾಕಿ ನೋಡ್ರಿ ಸರ್. ನೀವು ಬರದ್ರ ಇಲ್ಲ ಅನ್ನಂಗಿಲ್ಲ."

ಮತ್ತೆ ಔಷಧಿ ಅರೆಯುತ್ತ, "ನೋಡ್ತೀನಿ. ಆದ್ರ ಆಕಿ ಬರೆಯೋದು ನಿಲ್ಲಿಸಬಾರದು" ಅಂದರು.

"ನೋಡ್ತೀನಿ" ಅಂದರೆ ನಮ್ಮಲ್ಲಿ ಅರ್ಧ ಕೊಟ್ಟ ಹಾಗೆ. ವಾಪಸು ಬರುವಾಗ ಬೈಕಿನ ಮೇಲೆ ಯೋಚಿಸಿದೆ. ಹದಿನೆಂಟು ದಿನ, ಹತ್ತು ಪುಟ ಅಂತ ಹೇಳಿಬಿಟ್ಟರೆ ಇವಳು ಜ್ವರದಲ್ಲೇ ಎದ್ದು ಬರೆಯುತ್ತಾಳೆ, ಸರ್‌ಗೆ ಫೋನು ಮಾಡಿ ಹೂಂ ಅನ್ನುತ್ತಾಳೆ. ಹೂಂ ಅಂದರೆ ಮೂರು ತಿಂಗಳು ಕೈಬಿಟ್ಟಿತು. ಎದುರಿನವನ ಮೊದಲ ಮಾತನ್ನು ಮನೆಯವರಿಗೆ ಹೇಳಬಾರದು, ಕೊನೆಯ ಮಾತನ್ನು ಮಾತ್ರ ಹೇಳಬೇಕು: ಇದೂ ನನ್ನದೇ ಸೂತ್ರ. ಎಷ್ಟೋ ಜನರಿಗೆ ಕಲಿಸಿದ್ದೇನೆ.

ಮನೆಗೆ ಬಂದಾಗ ಗೋಡೆಗೆ ಒರಗಿ ಕೂತು ಕಾಯುತ್ತಿದ್ದಳು.

"ಸಿಟ್ಟದಾರೇನು?"

"ಇಲ್ಲ. ಟೈಮ್ ಕೇಳೀನಿ. ನೀ ಸುಮ್ಮನಿರು, ಫೋನ್‌ಗೀನ್ ಮಾಡಬ್ಯಾಡ. ನಾವಾ ಮ್ಯಾಲೆ ಬಿದ್ರ ಸಡಿಲ ಆಗ್ತೈತಿ."

"ಎರಡು ಉಳದಿದ್ದರ ಬಗ್ಗೆ ಏನಂದ್ರು?"

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಬೆನ್ನು ಅವಳ ಕಡೆಗಿತ್ತು.

"ಏನೂ ಅನ್ನಲಿಲ್ಲ" ಅಂದೆ.

ಅವಳು ಮತ್ತೆ ಕೇಳಲಿಲ್ಲ. ನಾನು ಕೊಳೆಯಾದ ಅಂಗಿ ಬಿಚ್ಚಿ ನೆನೆಹಾಕಿದೆ. ಆ ವರ್ಷಗಳಲ್ಲಿ ಬಕೆಟ್ಟಿನ ನೀರು ಒಂದೇ ಗಳಿಗೆಗೆ ಕೆಂಪಾಗುತ್ತಿತ್ತು.

ಮರುದಿನದಿಂದ ಜ್ವರ ಇಳಿಯಿತು, ಕಾಲೇಜಿಗೆ ಹೊರಟಳು. ಒಳ್ಳೆಯದೇ ಆಯಿತು ಅಂದುಕೊಂಡೆ. ಊಟದ ಮೇಜು ಖಾಲಿಯಾಯಿತು. ಹಾಳೆಗಳನ್ನೆಲ್ಲ ಜೋಡಿಸಿ ಬೀರುವಿಗೆ ಇಟ್ಟಿದ್ದಳು. ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಒಂದು ಸಂಜೆ "ಇವತ್ತೇನು ಮಾಲು?" ಅಂತ ಕೇಳಿದ್ದಕ್ಕೆ, "ಬದನೆಕಾಯಿ ಪಲ್ಯ" ಅಂದಳು. ನಾನು ನಕ್ಕೆ. ಅವಳೂ ನಕ್ಕ ಹಾಗೆ ಮಾಡಿದಳು. ಎದುರು ಕೂತವನ ಹುಬ್ಬು ಅಲುಗಿದರೆ ಅವನ ಮನಸ್ಸಿನ ದರ ಹೇಳುವವನು ನಾನು. ಅವಳ ಹುಬ್ಬು ನೋಡಲಿಲ್ಲ.

ನಿವೃತ್ತಿಗೆ ಎರಡು ದಿನ ಇದೆ ಅನ್ನುವಾಗ ಮಧ್ಯಾಹ್ನ ಕಾಟಾದ ಕೋಣೆಗೆ ಸರ್ ಫೋನು ಬಂತು. ಹೊರಗೆ ಲಾರಿಗಳ ಹಾರ್ನ್. ಒಂದು ಕಿವಿ ಮುಚ್ಚಿಕೊಂಡು ಕೇಳಿದೆ.

"ಹನುಮಂತಪ್ಪ, ಏನ್ರೀ ಇದು? ಆಕಿ ರಿಜಿಸ್ಟ್ರೇಶನ್ ರದ್ದು ಮಾಡ್ರಿ ಅಂತ ಬರದು ಕಳಿಸ್ಯಾಳಲ್ಲ! ಆಗಲೇ ಮಂಜೂರಾಗಿ ಸಹಿ ಬಿದ್ದೈತಿ. ನನಗ ಇವತ್ತು ಗೊತ್ತಾತು."

"ಯಾವಾಗ ಬರದಾಳ ಸರ್?"

"ಹದಿನೈದನೇ ತಾರೀಖು ಹಾಕ್ಯಾಳ."

ನಾನು ಕಂಪ್ಲಿಗೆ ಹೋಗಿ ಬಂದದ್ದು ಹದಿಮೂರಕ್ಕೆ.

"ಆ ಮೂರು ತಿಂಗಳು ಬರಂಗಿಲ್ಲ ಅಂದಾರ, ಅದು ಬ್ಯಾರೆ ಮಾತು" ಅಂದರು. "ನಾ ಹೇಳಿದ್ದು ಆಕಿಗೆ ಹೇಳಿದ್ರೋ ಇಲ್ಲೋ?"

ತೂಕದ ಮೇಲಿದ್ದ ಲಾರಿಯವನು ಚೀಟಿಗೆ ಕೈ ಚಾಚಿದ್ದ. ನಾನು ಚೀಟಿ ಹರಿದು ಅವನ ಕೈಗಿಟ್ಟೆ. ಸರ್ "ಅಯ್ಯೋ ಪುಣ್ಯಾತ್ಮ" ಅಂದು ಫೋನು ಇಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ನನಗೆ ತಿಳಿದದ್ದು ಇಷ್ಟು. ಏಳು ವರ್ಷ ಕೆಂಪು ಶಾಯಿಯಲ್ಲಿ ಒಂದೊಂದು ಸಾಲಿಗೂ ಏನಾದರೊಂದು ಅಂದವರು, ಈ ತಪ್ಪಿಗೆ ಏನೂ ಅನ್ನಲಿಲ್ಲವೆಂದರೆ ತಾನು ಬೈಯಲಿಕ್ಕೂ ಯೋಗ್ಯಳಲ್ಲ ಅಂತ ಅವಳು ಅಂದುಕೊಂಡಳು. ನಿವೃತ್ತಿಯ ಹೊತ್ತಿನ ಮನುಷ್ಯನ ಹತ್ತಿರ ಗಂಡನನ್ನು ಕಳಿಸಿ ಬೇಡುವ ಹಾಗೆ ಆಯಿತಲ್ಲ ಅಂತ ನಾಚಿದಳು. ಅದಕ್ಕೇ ತಾನೇ ಬರೆದು ಬಿಡುಗಡೆ ಮಾಡಿಕೊಂಡಿದ್ದಳು. ನನ್ನ ಹತ್ತಿರ ಹೇಳಿರಲಿಲ್ಲ. ನಾನು ಓಡಾಡಿದ್ದು ವ್ಯರ್ಥವಾಯಿತೆಂದು ನೊಂದುಕೊಳ್ಳುತ್ತೇನೆ ಅಂತ.

ಕಾಟಾ ಮುಚ್ಚಿ ಮನೆಗೆ ಬಂದೆ. ಸುಜಾತಾ ಅಂಗಳದಲ್ಲಿ ಒಣಹಾಕಿದ ಬಟ್ಟೆ ತೆಗೆಯುತ್ತಿದ್ದಳು, ಮೋಡ ಕವಿದಿತ್ತು. ನಿಂತ ಹಾಗೇ ಎಲ್ಲಾ ಹೇಳಿದೆ. ಕಟ್ಟೆ, ಔಷಧಿ, ಹದಿನೆಂಟು ದಿನ, ಹತ್ತು ಪುಟ, ನಾನು ಯಾಕೆ ಮುಚ್ಚಿಟ್ಟೆ ಅನ್ನುವುದು.

ಅವಳು ಬಟ್ಟೆಗಳನ್ನು ಎದೆಗೆ ಅವಚಿಕೊಂಡು ಕೇಳಿದಳು. ನನಗೆ ಮರೆಯಲಾಗದ್ದು ಮುಂದಿನದು. ಅವಳ ಮುಖ ಮೊದಲು ಅರಳಿತು.

"ಎರಡನ್ನ ಬರಿ ಅಂದ್ರಾ?"

"ಹೂಂ."

"ಹಂಗಾ ಅಂದ್ರಾ? ಅವರು ಅಂದಿದ್ದು ಅಂದಂಗ ಹೇಳ್ರಿ."

ಹೇಳಿದೆ. ಮತ್ತೊಂದು ಸಲ ಹೇಳಿಸಿಕೊಂಡಳು. "ಕಣ ಒಡೆದು ಬೆಳಕಾಗ್ತೈತಿ" ಅನ್ನುವಲ್ಲಿ, "ಹೌದಲ್ರಿ! ಹೌದಲ್ಲ!" ಅಂತ ಬಟ್ಟೆ ಹಿಡಿದ ಕೈಯಲ್ಲೇ ನನ್ನ ತೋಳು ತಟ್ಟಿದಳು. ಅವಳ ತಲೆಯೊಳಗೆ ಆ ಹತ್ತು ಪುಟ ಬರೆದಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮೊದಲನೇ ಪುಟ, ಎರಡನೇ ಪುಟ. ಆಮೇಲೆ ಎಲ್ಲೋ ಅವಳಿಗೆ ತಾನು ಕಳಿಸಿದ ಪತ್ರ ನೆನಪಾಯಿತು.

"ಹತ್ತು ಪುಟ ಸಾಕಾಗ್ತಿತ್ತು" ಅಂದಳು.

"ನಾನು ಹೋಗಿ ಮಾತಾಡ್ತೀನಿ. ರದ್ದಾಗಿದ್ದನ್ನ ತಿರುಗಿ…"

"ನೀವು ಎಲ್ಲಿಗೂ ಹೋಗಬ್ಯಾಡ್ರಿ." ಜೋರಾಗಿ ಹೇಳಲಿಲ್ಲ. "ಯಾರ ಜೊತಿ ಚೌಕಾಸಿ ಮಾಡ್ತಿದ್ರಿ ನೀವು? ಅವರು ಕೊಟ್ಟಾಗಿತ್ತಲ್ರಿ."

ಮಳೆ ಶುರುವಾಯಿತು. ಬಟ್ಟೆ ಒಳಗೆ ತೆಗೆದುಕೊಂಡು ಹೋಗಿ ಒಂದೊಂದೇ ಮಡಿಸಿದಳು, ನನ್ನವನ್ನೂ.

ಅವಳು ನನ್ನನ್ನು ಬಿಟ್ಟು ಹೋಗಲಿಲ್ಲ, ಮಾತು ಬಿಡಲಿಲ್ಲ, ಚುಚ್ಚಲಿಲ್ಲ. ಮರುವರ್ಷ ತಾನೇ ಒಬ್ಬಳೇ ಬಸ್ಸು ಹಿಡಿದು ಇನ್ನೆರಡು ಕಡೆ ಗೈಡು ಹುಡುಕಿ ಬಂದಳು. ಆ ವಿಷಯ ಯಾರೂ ತೆಗೆದುಕೊಳ್ಳಲಿಲ್ಲ. ಬೇರೆ ವಿಷಯ ಇವಳು ತೆಗೆದುಕೊಳ್ಳಲಿಲ್ಲ. ಆಚಾರ್ ಸರ್ ನಿವೃತ್ತರಾಗಿ ಎರಡು ವರ್ಷಕ್ಕೆ ತೀರಿಹೋದರು. ಊಟದ ಮೇಜಿನ ಮೇಲೆ ಈಗ ಊಟ ಮಾತ್ರ ಇರುತ್ತದೆ. ನಾನು ಸಲಹೆ ಹೇಳುವುದು ಬಿಟ್ಟಿಲ್ಲ, ಅದು ನಾಲಗೆಯ ಚಟ. ಆದರೆ ತಮ್ಮ ಮಗಳ ಮದುವೆ ಮಾತಿಗೋ ಸೈಟಿನ ಮಾತಿಗೋ ನನ್ನನ್ನು ಮಧ್ಯಸ್ಥಿಕೆಗೆ ಕರೆಯುವವರಿಗೆ ಮೊದಲೇ ಹೇಳುತ್ತೇನೆ: ಅವರು ಹೇಳಿದ್ದನ್ನು ನೀವೇ ಬಂದು ಕೇಳಿಸಿಕೊಳ್ಳಿ. ಯಾಕೆ ಅಂತ ಯಾರಿಗೂ ಹೇಳಿಲ್ಲ.

ಗಣಿಗಳೆಲ್ಲ ನಿಂತ ಮೇಲೆ, ಕಾಟಾ ಖಾಲಿ ಬಿದ್ದ ಮೇಲೆ, ಒಂದು ಮಧ್ಯಾಹ್ನ ಸುಜಾತಾ ಕಾಲೇಜಿನಿಂದ ಒಂದಿಷ್ಟು ಹಾಳೆ ಪಿನ್ನು ಹೊಡೆದುಕೊಂಡು ಬಂದಳು. ಎಲ್ಲಿಯೋ ದೂರದ ದೇಶದ ಇಬ್ಬರು ಬರೆದ ಪೇಪರು. ಕಂಪ್ಯೂಟರಿನಲ್ಲಿ ಏನೋ ಹುಡುಕುವಾಗ ಸಿಕ್ಕಿತಂತೆ. ಎಷ್ಟೋ ವರ್ಷಗಳ ಮೇಲೆ ನನ್ನನ್ನು ಮೇಜಿನ ಎದುರಿಗೆ ಕೂಡಿಸಿಕೊಂಡಳು.

"ನೋಡ್ರಿ ಇಲ್ಲಿ. ಅದಾ ಎರಡು ಗುಂಪು. ಇವರು ಎರಡನ್ನೂ ಒಂದ ರೀತಿಯಿಂದ ಅಳದಾರ. ಇಲ್ಲಿ ಬಂತು ನೋಡ್ರಿ, ಎರಡು! ನಂದು ಸರಿ ಇತ್ರಿ. ನಂದು ಸರಿ ಇತ್ತು."

ಬೆರಳು ಸಾಲಿನಿಂದ ಸಾಲಿಗೆ ಓಡುತ್ತಿತ್ತು. ಬೇರೆ ಯಾರೋ ಗೆದ್ದದ್ದಕ್ಕೆ ಇಷ್ಟು ಖುಷಿಪಡುವವರನ್ನು ನಾನು ನೋಡಿಲ್ಲ. ಹೇಳಿ ಮುಗಿಸಿ ನನ್ನ ಮುಖ ನೋಡಿದಳು.

"ಏನಾರ ಕೇಳ್ರಿ" ಅಂದಳು.

ಕೇಳಬಾರದ್ದನ್ನೇ ಕೇಳಿದೆ.

"ಇದರಾಗ ನಿನ್ನ ಹೆಸರು ಎಲ್ಲರ ಐತೇನು?"

"ನನ್ನ ಹೆಸರು ಯಾಕಿರ್ತೈತ್ರಿ?" ಅಂದಳು, ಮಕ್ಕಳಿಗೆ ತಿಳಿಸಿ ಹೇಳುವ ಹಾಗೆ. "ನಾ ಬರದಾ ಇಲ್ಲಲ್ಲ."

ಅಂದು, ಮುಂದಿನ ಹಾಳೆ ತಿರುಗಿಸಿದಳು.